ಶಿವನಿಗೆ ಬಿಸಿನೀರು

ನನ್ನ ತಂಗಿ ಡಾಕ್ಟರೊಬ್ಬರನ್ನು ಮದುವೆಯಾಗಿ ಎಪ್ಪತ್ತರ ದಶಕದಲ್ಲಿ ಅಮೆರಿಕಕ್ಕೆ ಹೋದಳು. ಅವಳ ಊರು ಆ ದೇಶದ ನಟ್ಟನಡುವೆ, ಸಮುದ್ರದಿಂದ ದೂರ. ನಾನು ಕಡೂರಿನಲ್ಲಿ, ತಗಡಿನ ಸೂರಿನ ಅಡುಗೆಮನೆಯಲ್ಲಿದ್ದೆ. ಇಬ್ಬರಿಗೂ ಶಿವ ಅನ್ನ ಬಟ್ಟೆಗೆ ಕಡಿಮೆ ಮಾಡಿರಲಿಲ್ಲ. ಆದರೂ ನನಗೆ ಅವಳ ಮೇಲೆ ಹೊಟ್ಟೆಕಿಚ್ಚು. ಅದೂ ಅವಳ ಫ್ರಿಜ್ಜಿಗಲ್ಲ, ಕಾರಿಗಲ್ಲ. ಅವಳ ಊರಿನ ಚಳಿಗೆ.

ಅವಳ ಪ್ರತಿ ಪತ್ರದಲ್ಲೂ ತಾರೀಖಿನ ಕೆಳಗೆ ಎರಡು ಅಂಕಿ ಇರುತ್ತಿದ್ದವು. ಆ ದಿನ ಹೆಚ್ಚೆಂದರೆ ಎಷ್ಟು ಡಿಗ್ರಿ, ಕಡಿಮೆಯೆಂದರೆ ಎಷ್ಟು. ಅಲ್ಲಿ ರೇಡಿಯೋದಲ್ಲಿ ಬೆಳಗಾದರೆ ಅದನ್ನೇ ಹೇಳುತ್ತಾರಂತೆ. ಇದೇ ತಾರೀಖಿನಲ್ಲಿ ಹಿಂದೆ ಯಾವ ವರ್ಷ ಇದಕ್ಕಿಂತ ಹೆಚ್ಚು ಸುಟ್ಟಿತ್ತು, ಯಾವ ವರ್ಷ ಇದಕ್ಕಿಂತ ಹೆಚ್ಚು ಕೊರೆದಿತ್ತು ಎಂದೂ ಹೇಳುತ್ತಾರಂತೆ.

ಪತ್ರಗಳು ಬರುತ್ತಿದ್ದುದು ನನ್ನ ವಿಳಾಸಕ್ಕೆ. ಅವ್ವ ಸಿಂಗಟಗೆರೆಯಿಂದ ಸಂತೆಯ ದಿನ ಬಸ್ಸಿನಲ್ಲಿ ಬರುತ್ತಿದ್ದಳು. ಬಂದವಳು ಮೊದಲು ನಮ್ಮ ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು ಅಮಾವಾಸ್ಯೆ ಎಷ್ಟನೇ ತಾರೀಖು ಎಂದು ನೋಡುವಳು. ಆಮೇಲೆ ಬೆಣ್ಣೆ ಡಬ್ಬಿ ನನ್ನ ಕೈಗಿಟ್ಟು, ಅಡುಗೆಮನೆಯ ಹೊಸಿಲ ಬಳಿ ಕೂತು, "ಓದೇ" ಅನ್ನುವಳು. ಅವಳಿಗೆ ಅಕ್ಷರ ಬರುತ್ತಿರಲಿಲ್ಲ.

ಅವ್ವನಿಗೆ ಡಿಗ್ರಿ ಅಂದರೆ ಜ್ವರ. ಮೊದಲ ಬೇಸಿಗೆಯ ಪತ್ರದಲ್ಲಿ ನೂರಾಮೂರು ಡಿಗ್ರಿ ಬಿಸಿಲು ಅಂತಿತ್ತು. ನಾನು ಓದುತ್ತಲೇ ಅವ್ವ ಎದ್ದು ನಿಂತಳು.

"ನೂರಾಮೂರಾ! ನೂರಾಮೂರಕ್ಕೆ ನಿಮ್ಮಪ್ಪ ಬಡಬಡಿಸ್ತಿದ್ರು ಕಣೇ. ಊರಿಗೂರೇ ಜ್ವರ ಬಂದಂಗಾಯ್ತಲ್ಲ!"

"ಅವ್ವಾ, ಅದು ಬಿಸಿಲಿನ ಡಿಗ್ರಿ. ನಮ್ಮ ಕಡೂರಲ್ಲೂ ಅಷ್ಟು ಇರುತ್ತೆ."

"ನಿಂಗ್ಯಾರು ಹೇಳಿದ್ರು? ಅಳೆದಿದ್ದೀಯಾ?"

ಅಳೆದಿರಲಿಲ್ಲ. ಸೀರೆ ಬೆನ್ನಿಗೆ ಅಂಟಿಕೊಂಡಿತ್ತು, ಒಲೆಯ ಮುಂದೆ ಬೆವರು ಕಣ್ಣಿಗೆ ಇಳಿಯುತ್ತಿತ್ತು. ಅಂಕಿ ಮಾತ್ರ ಇರಲಿಲ್ಲ.

ಅವ್ವ ಊರಿಗೆ ಹೋದವಳು ಮಾರನೆಯ ದಿನದಿಂದ ಈಶ್ವರನ ಗುಡಿಗೆ ಒಂದು ಚೊಂಬು ತಣ್ಣೀರು ಒಯ್ಯತೊಡಗಿದಳು. ಇಲ್ಲಿ ಸ್ವಾಮಿಯ ನೆತ್ತಿ ತಂಪಾದರೆ ಅಲ್ಲಿ ಮಗಳ ನೆತ್ತಿ ತಂಪಾಗುತ್ತದೆ ಎಂದು. ಚಳಿಗಾಲ ಬಂತು. ಸೊನ್ನೆಗಿಂತ ಕೆಳಗೆ ಹತ್ತು ಅಂತ ಪತ್ರ ಬಂತು. ಅವ್ವ ನೀರು ಕಾಯಿಸಿಕೊಂಡು ಹೋದಳು.

ಗುಡಿಯ ಅಯ್ನೋರು ನಕ್ಕರಂತೆ. "ಏನವ್ವಾ, ಸ್ವಾಮಿಗೆ ಬಿಸಿನೀರ ಸ್ನಾನವಾ? ನಾಳೆ ಸೀಗೆಪುಡೀನೂ ತಂದ್ಬಿಡಿ."

"ನೀವು ಎರೀರಿ ಅಯ್ನೋರೇ. ನನ್ನ ಕೂಸು ಮಂಜುಗಡ್ಡೇಲಿದೆ."

ಇದನ್ನು ಅವ್ವನೇ ನನಗೆ ನಗುತ್ತಾ ಹೇಳಿದಳು. ನನಗೆ ನಗು ಬರಲಿಲ್ಲ. ನನ್ನ ಮೂರು ಬಾಣಂತನವನ್ನೂ ಅವ್ವನೇ ಮಾಡಿದ್ದಳು, ಸುಳ್ಳು ಹೇಳಬಾರದು. ಆದರೆ ನನ್ನ ಹೆಸರಿನಲ್ಲಿ ಒಂದು ಚೊಂಬು ನೀರೂ ಗುಡಿಗೆ ಹೋಗಿರಲಿಲ್ಲ. ದಿನಾ ವಿಭೂತಿ ಧರಿಸಿ ಪೂಜೆಗೆ ಕೂತರೂ ಮನಸ್ಸು ಆ ಚೊಂಬಿನ ಹಿಂದೆಯೇ ಹೋಗುತ್ತಿತ್ತು.

ಅದಕ್ಕೇ ನಾನು ಅಂಕಿ ಕಡಿಮೆ ಮಾಡಿ ಓದಲು ಶುರು ಮಾಡಿದೆ. ನೂರು ಇದ್ದರೆ ಎಂಬತ್ತು. ಸೊನ್ನೆಗಿಂತ ಕೆಳಗೆ ಹದಿನೈದು ಇದ್ದರೆ ಬರೀ ಐದು. ಅವ್ವ "ಅಷ್ಟೇನಾ?" ಅನ್ನುವಳು. ಪತ್ರವನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಊರಿನ ಟ್ರಂಕಿನಲ್ಲಿಡಲು ಒಯ್ಯುವಳು. ಬಿಸಿನೀರಿನ ಮಾತೂ ನಿಂತಿತು. ಎರಡು ವರ್ಷ ಹೀಗೇ ನಡೆಯಿತು.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಒಂದು ಸಂಕ್ರಾಂತಿ ಕಳೆದ ಮೇಲೆ ಬಂದ ಪತ್ರದಲ್ಲಿ, ಸೊನ್ನೆಗಿಂತ ಕೆಳಗೆ ಎಂಬ ಅಡ್ಡಗೆರೆ ಹಾಕಿ ಇಪ್ಪತ್ತನಾಲ್ಕು ಅಂತಿತ್ತು. ಆ ತಾರೀಖಿನ ಹಳೆಯ ದಾಖಲೆಯನ್ನೆಲ್ಲ ಮುರಿದ ಚಳಿಯಂತೆ. ತಂಗಿಗೆ ಆಗ ಎಂಟು ತಿಂಗಳು. ಕಾರು ಹೆಪ್ಪುಗಟ್ಟಿ ನಿಂತಿದೆ, ಮೆಟ್ಟಿಲ ಮೇಲೆ ಒಮ್ಮೆ ಜಾರಿದೆ, ಭಯವಾಗುತ್ತಿದೆ ಅಕ್ಕಾ, ಅವ್ವನಿಗೆ ದೇವರಲ್ಲಿ ಬೇಡಿಕೊಳ್ಳಲು ಹೇಳು ಎಂದು ಬರೆದಿದ್ದಳು.

ನಾನು ಓದಿದ್ದು: "ನಾಲ್ಕು ಡಿಗ್ರಿ. ಚಳಿ ಪರವಾಗಿಲ್ಲ. ಆರೋಗ್ಯವಾಗಿದ್ದೇನೆ."

ಬಾಯಿಗೆ ರೂಢಿಯಾಗಿತ್ತು. ಬಿಡಬೇಕೆಂದರೂ ಬಿಡಲಿಲ್ಲ.

ಆಮೇಲೆ ಒಂದು ತಿಂಗಳಾದರೂ ಪತ್ರವಿಲ್ಲ. ಪೋಸ್ಟಿನವನ ಸೈಕಲ್ ಬೆಲ್ ನಮ್ಮ ಬಾಗಿಲು ದಾಟಿ ಹೋದಾಗಲೆಲ್ಲ ಹೊಸಿಲವರೆಗೂ ಓಡುತ್ತಿದ್ದೆ. ಅವಳಿಗೇನಾದರೂ ಆದರೆ ಅವಳ ಬೇಡಿಕೆಯನ್ನು ದಾರಿಯಲ್ಲೇ ನುಂಗಿದವಳು ನಾನು. ಒಂದು ಬೆಳಿಗ್ಗೆ ತಡೆಯಲಾರದೆ ನಾನೇ ನೀರು ಕಾಯಿಸಿದೆ. ಸೆರಗಿನಲ್ಲಿ ಚೊಂಬು ಮುಚ್ಚಿಕೊಂಡು ನಮ್ಮೂರ ಈಶ್ವರನ ಗುಡಿಗೆ ಹೋದೆ. ಪತ್ರ ಬರುವ ತನಕ ಒಂದು ದಿನವೂ ತಪ್ಪಿಸಲಿಲ್ಲ.

ಪತ್ರ ಬಂದದ್ದು ಸಂತೆಯ ದಿನವೇ, ಅವ್ವ ಬರುವುದಕ್ಕೆ ಸ್ವಲ್ಪ ಮುಂಚೆ. ಹೆಣ್ಣು ಮಗು. ತಾಯಿ ಮಗು ಇಬ್ಬರೂ ಸುಖ. ನಾನು ದೇವರ ಮುಂದೆ ಬಿದ್ದು ಅತ್ತೆ. ಅವ್ವ ಬಂದಾಗ ಒಂದಕ್ಷರ ಬಿಡದೆ ಓದಿದೆ, ಅಂಕಿಯನ್ನೂ ಇದ್ದ ಹಾಗೆಯೇ.

ಅವ್ವ ಕಣ್ಣೊರೆಸಿಕೊಂಡು ನನ್ನನ್ನೇ ನೋಡಿದಳು.

"ಇವತ್ತು ಸರಿಯಾಗಿ ಓದ್ದೆ ಕಣೇ."

"ಅಂದ್ರೆ?"

"ಹೋದ ಸಲ ಇಪ್ಪತ್ನಾಲ್ಕು ಇತ್ತು, ನಾಲ್ಕು ಅಂದ್ಬಿಟ್ಟೆ. ಅಕ್ಷರ ಬರದಿದ್ರೆ ಅಂಕಿನೂ ಬರಲ್ವೇನೇ? ಕ್ಯಾಲೆಂಡರ್ ನೋಡಲ್ವಾ, ಬಸ್ ನಂಬರ್ ನೋಡಲ್ವಾ ನಾನು?"

ನಾನು ಕೈಲಿದ್ದ ಪತ್ರ ಮಡಿಸತೊಡಗಿದೆ.

"ಮುದುಕಿ ಹೆದ್ರುಕೊಂಡು ಸಾಯ್ತಾಳೆ ಅಂತ ತಾನೇ ಕಮ್ಮಿ ಮಾಡಿ ಓದ್ತಿದ್ದೆ? ನಿಂದು ನಿಮ್ಮಪ್ಪನ ಕರುಳು. ಅದಕ್ಕೇ ನಾನೂ ಬಾಯ್ಬಿಡ್ಲಿಲ್ಲ. ನೀರು ಮಾತ್ರ ಕಾಯಿಸ್ಕೊಂಡು ಹೋಗ್ತಾನೇ ಇದ್ದೆ."

ಎಷ್ಟೋ ವರ್ಷದಿಂದ ಅವ್ವನ ಬಾಯಿಂದ ಇಂಥ ಒಂದು ಮಾತಿಗೆ ಕಾದಿದ್ದೆ. ಅದು ನನ್ನ ಹೊಟ್ಟೆಕಿಚ್ಚಿಗೆ ಸಿಕ್ಕಿತು. ತಪ್ಪು ಒಪ್ಪಿಕೊಳ್ಳಬೇಕೆಂದು ಬಾಯಿ ತೆರೆದೆ. ಹೊರಟದ್ದು ಬೇರೆ ಮಾತು.

"ಅವ್ವಾ, ನನ್ನ ಈ ಅಡುಗೆಮನೆ ಧಗೆಗೆ ಯಾವತ್ತಾದ್ರೂ ಸ್ವಾಮಿಗೆ ಒಂದು ಚೊಂಬು ತಣ್ಣೀರು ಎರೆದಿದ್ದೀಯಾ?"

ಅವ್ವನಿಗೆ ನಗುವೇ ಬಂದುಬಿಟ್ಟಿತು. "ನಿನ್ನ ಹತ್ರಕ್ಕೆ ನಾನೇ ಬಸ್ ಹತ್ತಿ ಬತ್ತೀನಲ್ಲೇ ಹುಚ್ಚಿ! ನಿನಗ್ಯಾಕೆ ದೇವ್ರ ಕೈಲಿ ಹೇಳಿ ಕಳಿಸ್ಲಿ?"

ಅಷ್ಟು ಹೇಳಿ, ಒಲೆಯ ಮುಂದಿನಿಂದ ನನ್ನನ್ನು ಸರಿಸಿ, ರೊಟ್ಟಿ ತಟ್ಟಲು ತಾನೇ ಕೂತಳು.

ಸಂಜೆ ಅವ್ವನನ್ನು ಬಸ್ ಹತ್ತಿಸಿ ಬಂದು ತಂಗಿಗೆ ಉತ್ತರ ಬರೆಯಲು ಕೂತೆ. ತಾರೀಖು ಹಾಕಿದೆ. ಅವಳ ಹಾಗೆ ಕೆಳಗೆ ಏನಾದರೂ ಬರೆಯಬೇಕೆನಿಸಿತು. ಅಳೆಯಲು ನನ್ನಲ್ಲಿ ಏನೂ ಇರಲಿಲ್ಲ. "ಇವತ್ತು ಅವ್ವ ಬಂದಿದ್ದಳು, ನನಗೆ ರೊಟ್ಟಿ ತಟ್ಟಿಕೊಟ್ಟಳು" ಎಂದು ಬರೆದೆ. ಓದಿ ಅವಳಿಗೂ ಒಂದಿಷ್ಟು ಹೊಟ್ಟೆ ಉರಿಯಲಿ ಅಂತಲೇ ಬರೆದದ್ದು. ಶಿವ ಕ್ಷಮಿಸಲಿ.