ನವಮಿಯ ದಿನ ಬೂದಿಯಲ್ಲಿದ್ದ ಹೌಸಿಂಗು

ಚಿಂಚವಾಡದ ಆ ಗಲ್ಲಿಯಲ್ಲಿ ಎಲ್ಲರಿಗಿಂತ ಮೊದಲು ಏಳುವುದು ಪ್ರೆಸ್ಸು. ಶಿವಬಸವ್ವನ ಮನೆಯ ಹಿಂಗೋಡೆಗೆ ಒರಗಿಕೊಂಡ ಶೆಡ್ಡಿನಲ್ಲಿ ತಗಡಿನಿಂದ ವಾಶರು ಕತ್ತರಿಸುವ ಯಂತ್ರ ಅದು. ಧಪ್, ಒಂದು ಉಸಿರಿನ ಬಿಡುವು, ಮತ್ತೆ ಧಪ್. ಒಂದೊಂದು ಏಟಿಗೂ ಅಡುಗೆಮನೆಯ ಹಲಗೆಯ ಮೇಲಿನ ಲೋಟಗಳು ಒಂದಕ್ಕೊಂದು ತಾಗಿ ಸಣ್ಣಗೆ ಉಲಿಯುತ್ತವೆ. ನೆಂಟರು ಬಂದರೆ ಮೊದಲ ದಿನ ನಿದ್ದೆಗೆಟ್ಟು ಕೂರುತ್ತಾರೆ. ಶಿವಬಸವ್ವ ಆ ಸದ್ದಿಗೆ ಎದ್ದು ಚಹಾಕ್ಕೆ ನೀರಿಡುತ್ತಾಳೆ.

ಗಲ್ಲಿಯ ತುದಿಯಲ್ಲಿ, ಟ್ರಕ್ಕುಗಳು ನಿಲ್ಲುವ ರಸ್ತೆಗೆ ಮುಖ ಮಾಡಿ ಅವಳ ಗಂಡ ರಾಮಲಿಂಗಪ್ಪನ ಬೆಸುಗೆಯ ಅಂಗಡಿಯಿದೆ. ಅಲ್ಲಿಗೆ ಬರುವುದೆಲ್ಲ ಒಡೆದ ಬೀಡು ಕಬ್ಬಿಣವೇ. ಬೆಸೆಯುವ ಕೆಲಸ ರಾಮಲಿಂಗಪ್ಪನದು, ಬೆಸೆದದ್ದನ್ನು ನಿಧಾನವಾಗಿ ತಣಿಸುವ ಕೆಲಸ ಶಿವಬಸವ್ವನದು. ಬೀಡಿಗೆ ಹಟ ಹೆಚ್ಚು. ಕಾದು ಕೆಂಪಾದದ್ದು ಗಾಳಿಗೆ ತಟ್ಟನೆ ತಣಿದರೆ ಬೆಸುಗೆಯ ಪಕ್ಕದಲ್ಲೇ ಟಿಣ್ಣೆಂದು ಮತ್ತೆ ಬಿರಿಯುತ್ತದೆ. ಮದುವೆಯಾಗಿ ಘಟಪ್ರಭಾದ ಕಡೆಯಿಂದ ಬಂದ ಹೊಸತರಲ್ಲಿ ಅವಳು ಆ ಸದ್ದನ್ನು ಎಷ್ಟೋ ಸಲ ಕೇಳಿದ್ದಳು. ಗಂಡ ಕೆಲಸ ಮಾಡುತ್ತಿದ್ದ ಎರಕದ ಕಾರಖಾನೆ ಮುಚ್ಚಿ, ಅವನು ಸ್ವಂತ ಅಂಗಡಿ ಹಾಕಿದ ದಿನಗಳವು. ಇಬ್ಬರೂ ಊಟಕ್ಕೆ ಕೂತಾಗ ಮೂಲೆಯಿಂದ ಟಿಣ್ ಎನ್ನುತ್ತಿತ್ತು. ಅವನು ಬಾಯಿಗೆ ಒಯ್ದ ತುತ್ತನ್ನು ತಟ್ಟೆಗೆ ಇಳಿಸಿಬಿಡುತ್ತಿದ್ದ.

ಅವಳ ತವರಿನಲ್ಲಿ ಹಾಲನ್ನು ಕುಳ್ಳಿನ ಬೆಂಕಿಯ ಮೇಲಿಟ್ಟು, ಸುತ್ತ ಬೂದಿ ಮುಚ್ಚಿ, ಇಡೀ ದಿನ ಬಿಡುತ್ತಿದ್ದರು. ಸಂಜೆಗೆ ಗಡಿಗೆಯ ಬಾಯಲ್ಲಿ ರೊಟ್ಟಿಯಷ್ಟು ದಪ್ಪನೆಯ ಕೆಂಪು ಕೆನೆ ನಿಂತಿರುತ್ತಿತ್ತು. ಬೆಂಕಿ ಅವಸರ ಮಾಡದಂತೆ ಬೂದಿ ತಡೆಯುತ್ತದೆಂದು ಅವಳಿಗೆ ಆಗಲೇ ಗೊತ್ತಿತ್ತು. ಒಂದು ದಿನ ಹೇಳದೆ ಕೇಳದೆ ಗಂಡ ಬೆಸೆದಿಟ್ಟ ಪಂಪಿನ ಮುಚ್ಚಳವನ್ನು ಬಿಸಿ ಬೂದಿಯಲ್ಲಿ ಹೂತಳು. ಅದು ಬಿರಿಯಲಿಲ್ಲ. ಅಂದಿನಿಂದ ಮೂಲೆಯ ಹಳೇ ಪೀಪಾಯಿ ಅವಳದಾಯಿತು. ಕ್ಯಾಂಪ್ ಎಂಬ ಪೇಟೆಯ ಒಂದು ಬೇಕರಿಯ ಕಟ್ಟಿಗೆ ಒಲೆಯಿಂದ ಬೂದಿ ತಂದು ಸೀರೆಯ ತುಂಡಿನಲ್ಲಿ ಜರಡಿ ಹಿಡಿಯುತ್ತಾಳೆ. ಲಾರಿಯವರು ಅವಳನ್ನು ಬೂದಿಯ ಚಿಕ್ಕಮ್ಮ ಎಂಬ ಅರ್ಥದಲ್ಲಿ ರಾಖವಾಲಿ ಮಾವಶಿ ಎನ್ನುತ್ತಾರೆ. ಅವಳು ಹೇಳುವತನಕ ಪೀಪಾಯಿಗೆ ಯಾರೂ ಕೈ ಹಾಕುವಂತಿಲ್ಲ, ರಾಮಲಿಂಗಪ್ಪನೂ.

ಈ ವರ್ಷ ದಸರೆಗೆ ಮುಂಚೆ ಡ್ರೈವರ್ ತನಿಯಪ್ಪ ತಾನು ಓಡಿಸುವ ಲಾರಿಯನ್ನು ಇನ್ನೊಂದು ಲಾರಿಯ ಹಿಂದೆ ಸರಪಳಿಗೆ ಕಟ್ಟಿಕೊಂಡು ಬಂದ. ಸಿಂದಗಿ ಕಡೆಯವನು, ತಲೆ ಪೂರಾ ಬೆಳ್ಳಗಾಗಿದೆ. ಎಂಜಿನ್ನಿನ ಮುಂದಿನ ಆಸರೆಯ ರಬ್ಬರು ಹರಿದಿದ್ದನ್ನು ಗಮನಿಸದೆ ಗಾಡಿಯನ್ನು ಘಾಟಿನ ಏರುರಸ್ತೆ ಹತ್ತಿಸಿದ್ದ. ಎಂಜಿನ್ನು ಅದುರಿ ಅದುರಿ ಟೈಮಿಂಗ್ ಗೇರಿನ ಹೌಸಿಂಗು ಸೀಳಿತ್ತು. ಎಂಜಿನ್ನಿನ ಮುಖದ ಮೇಲೆ ಕೂತು, ಒಳಗಿನ ಹಲ್ಲಿನ ಗಾಲಿಗಳನ್ನೂ ಎಣ್ಣೆಯನ್ನೂ ಕಾಯುವ ಬೀಡಿನ ಕವಚ ಅದು. ಆ ಎಂಜಿನ್ನಿನ ಹೊಸ ಹೌಸಿಂಗು ಈಗ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಭೋಸರಿಯಲ್ಲಿರುವ ಲಾರಿಯ ಮಾಲೀಕ ಫೋನಿನಲ್ಲಿ ಒಂದೇ ಮಾತು ಹೇಳಿದ್ದ: ದಸರೆಯ ಸಂಜೆ ಪೂಜೆಗೆ ಗಾಡಿ ತಾನಾಗಿ ಓಡಿ ಗೇಟಿನೊಳಗೆ ಬಂದರೆ ಇರುತ್ತದೆ, ಎಳೆದು ತರಬೇಕಾದರೆ ನೇರ ಗುಜರಿಗೆ. ಹೊಸ ಗಾಡಿಗಳನ್ನು ಅವನು ಚಿಕ್ಕ ವಯಸ್ಸಿನವರಿಗಷ್ಟೇ ಕೊಡುತ್ತಾನೆ. ಈ ಲಾರಿ ಹೋದರೆ ತನಿಯಪ್ಪ ಮತ್ತೆ ಸ್ಟೇರಿಂಗು ಹಿಡಿಯುವ ಹಾಗಿರಲಿಲ್ಲ.

ಅಷ್ಟಮಿಯ ದಿನ ರಾಮಲಿಂಗಪ್ಪ ಬಿರುಕಿನ ಎರಡೂ ತುದಿಗೆ, ಅದು ಮುಂದೆ ಓಡದಂತೆ, ಸಣ್ಣ ತೂತು ಕೊರೆದ. ಸೀಳನ್ನು ಕೆತ್ತಿ ಅಗಲ ಮಾಡಿ, ಇದ್ದಿಲಿನ ಮೇಲೆ ಕಾಯಿಸಿ, ಬೆರಳಿನಗಲದಷ್ಟೇ ಬೆಸೆದು, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಮತ್ತೆ ಬೆರಳಿನಗಲ ಬೆಸೆದ. ದೀಪ ಹಚ್ಚುವ ಹೊತ್ತಿಗೆ ಶಿವಬಸವ್ವ ಅದನ್ನು ಬೂದಿಯಲ್ಲಿ ಮಲಗಿಸಿ ಮೇಲೆ ತಗಡು ಮುಚ್ಚಿದಳು. ಮರುದಿನ ಖಂಡೇನವಮಿ, ಆಯುಧಪೂಜೆಯ ದಿನ; ಹತಾರಗಳನ್ನು ಪೂಜೆಗಿಟ್ಟರೆ ದಶಮಿಯ ಬೆಳಿಗ್ಗೆಯವರೆಗೆ ಮುಟ್ಟುವಂತಿಲ್ಲ. ಒಳ್ಳೆಯದೇ ಆಯಿತು, ಅಷ್ಟು ಹೊತ್ತು ನೆಮ್ಮದಿಯಾಗಿ ಆರುತ್ತದೆ ಎಂದಳು.

ನವಮಿಯ ಬೆಳಿಗ್ಗೆ ಪ್ರೆಸ್ಸೂ ಪೂಜೆಗೆ ಕೂತಿತ್ತು. ಶಿವಬಸವ್ವ ಎದ್ದದ್ದೇ ತಡವಾಯಿತು. ಅಂಗಡಿಗೆ ಹೋದಾಗ ತನಿಯಪ್ಪ ಆಗಲೇ ಮಿಂದು ಬಂದು, ಸಲಕರಣೆಗಳನ್ನೆಲ್ಲ ತೊಳೆದು ಸಾಲಾಗಿ ಜೋಡಿಸಿ, ಸಲಿಕೆಯನ್ನೂ ಬಿಡದೆ ವಿಭೂತಿ ಬಳಿದು ಚೆಂಡುಹೂ ಏರಿಸಿದ್ದ. ಪೀಪಾಯಿಗೂ ವಿಭೂತಿ ಬಳಿದಿತ್ತು. ಕಂಠದ ಮೇಲೆ ಒಡೆದ ಕಾಯಿಯ ಹೋಳುಗಳಿದ್ದವು. ತಗಡಿನ ಸಂದಿನಿಂದ ಆವಿ ಏಳುತ್ತಿತ್ತು.

“ಇದಕ್ಕ ನೀರು ಹಾಕೀದ್ಯಾ, ತನಿಯಪ್ಪ?”

“ಒಂದ ಕೊಡರಿ ಅಕ್ಕಾರ. ಎಲ್ಲಾದಕ್ಕೂ ಜಳಕ ಆತು, ನನ್ನ ಗಾಡಿ ಜೀವ ಇರೋದ ಇದರಾಗ. ಇದಕ್ಕೊಂದ ಪೂಜಿ ಇಲ್ಲಂದ್ರ ಹೆಂಗ ಅಂತ...”

ಹಿಂದಿನಿಂದ ಬಂದ ರಾಮಲಿಂಗಪ್ಪನಿಗೆ ಆವಿ ನೋಡಿದ ಕೂಡಲೇ ಎಲ್ಲ ತಿಳಿಯಿತು.

“ಆ ಕಾಯಿ ನಿನ್ನ ತಲಿ ಮ್ಯಾಲೆ ಒಡಕೊಂಡಿದ್ರ ಹೌಸಿಂಗರ ಉಳೀತಿತ್ತು,” ಎಂದ.

ತೆಗೆದು ನೋಡಿಬಿಡೋಣ ಎಂದ ತನಿಯಪ್ಪ. ಶಿವಬಸವ್ವ ಬೇಡವೆಂದಳು. ಒಳಗೆ ಇನ್ನೂ ಬಿಸಿಯಿತ್ತು. ಬಿರಿದಿರಲಿ, ಬಿಡಲಿ, ಈಗ ಹೊರಗೆ ತೆಗೆದರೆ ಉಳಿದದ್ದೂ ಹೋಗುತ್ತಿತ್ತು. ಹಸಿ ಬೂದಿಯನ್ನು ತೆಗೆದು ಬಿಸಿಯಾದ ಒಣ ಬೂದಿ ತುಂಬುವುದೊಂದೇ ದಾರಿ. ಸಲಿಕೆಯ ಮೇಲೆ ಹೂವಿತ್ತು. ರಾಮಲಿಂಗಪ್ಪ ಅದರತ್ತ ನೋಡಿದ, ಹೆಂಡತಿಯತ್ತ ನೋಡಿದ, ಕೈ ಮಾತ್ರ ಮುಂದೆ ಹೋಗಲಿಲ್ಲ. ಅವನಪ್ಪನ ಕಾಲದಿಂದ ಆ ಮನೆಯಲ್ಲಿ ನವಮಿಯಂದು ಪೂಜೆಗಿಟ್ಟದ್ದನ್ನು ಯಾರೂ ಕದಲಿಸಿರಲಿಲ್ಲ.

ಶಿವಬಸವ್ವ ಮನೆಗೆ ಹೋದಳು. ಹೂರಣ ಕುದಿಯಲು ಇಟ್ಟಿದ್ದ ಸೀಮೆಎಣ್ಣೆ ಒಲೆಯಿಂದ ಪಾತ್ರೆ ಇಳಿಸಿ, ಆ ಒಲೆಯನ್ನೂ ದೊಡ್ಡ ಕಡಾಯಿಯನ್ನೂ ಸಾರಿನ ಸೌಟನ್ನೂ ಹೊತ್ತು ತಂದಳು. ಅಡುಗೆ ಸಾಮಾನಿಗೆ ಯಾರೂ ವಿಭೂತಿ ಹಚ್ಚಿರಲಿಲ್ಲ. ನವಮಿಯಂದು ಅದಕ್ಕೆ ರಜೆಯೂ ಇಲ್ಲ.

ಸೌಟಿನಿಂದಲೇ ತೋಡಿದಳು. ಹಸಿ ಬೂದಿ ಹಿಟ್ಟಿನ ಮುದ್ದೆಯಂತೆ ಬರುತ್ತಿತ್ತು. ನೀರು ಒಂದು ಮಗ್ಗುಲಿಗೇ ಇಳಿದಿದೆಯೆಂದು ಬಣ್ಣದಿಂದ ತಿಳಿಯಿತು. ಒಣ ಗೆರೆ ಸಿಕ್ಕಲ್ಲಿ ಕೈ ನಿಲ್ಲಿಸಿದಳು. ಅದರ ಕೆಳಗೆ ಹೌಸಿಂಗು ಮಲಗಿತ್ತು. ಆಮೇಲೆ ಚೀಲದಲ್ಲಿದ್ದ ಬೂದಿಯನ್ನು ಕಡಾಯಿಯಲ್ಲಿ, ರವೆ ಹುರಿದ ಹಾಗೆ, ಕೈಯಾಡಿಸುತ್ತ ಕಾಯಿಸಿದಳು. ಕಾದ ಕಡಾಯಿಯನ್ನು ತನಿಯಪ್ಪ ಸೆರಗಿನಷ್ಟು ಅಗಲದ ಬಟ್ಟೆಯಲ್ಲಿ ಹಿಡಿದು ಪೀಪಾಯಿಗೆ ಸುರಿದ. ಮಧ್ಯಾಹ್ನ ಇಳಿದರೂ ಮುಗಿಯಲಿಲ್ಲ. ಆಚೆಮನೆಯ ನರ್ಮದಾ ಬಾಗಿಲಲ್ಲಿ ನಿಂತು, ಈ ವರ್ಷ ಬೂದಿಯದೇ ಹೋಳಿಗೆಯೇನು ಎಂದು ಕೇಳಿದಳು. ನಿನಗೂ ಎರಡು ಕಳಿಸುತ್ತೇನೆ, ತುಪ್ಪ ನಿನ್ನದೇ ಹಾಕಿಕೋ ಎಂದಳು ಶಿವಬಸವ್ವ.

ಕೆಲಸ ಮುಗಿದ ಮೇಲೂ ತನಿಯಪ್ಪ ಅಲ್ಲಿಂದ ಕದಲಲಿಲ್ಲ. ಪೀಪಾಯಿಗೆ ತುಸು ದೂರದಲ್ಲಿ ಕುಕ್ಕರಗಾಲಲ್ಲಿ ಕೂತ. ತಾನು ಬಾಯಿಬಿಟ್ಟು ಹೇಳದಿದ್ದರೆ, ಒಳಗೆ ಬಿರಿದಿದ್ದರೂ ಅದು ಯಾರಿಂದ ಎಂದು ಮಾಲೀಕನಿಗೆ ಗೊತ್ತಾಗುವುದಿಲ್ಲವಲ್ಲ ಎಂದು ಮೆಲ್ಲಗೆ ಕೇಳಿದ. ಶಿವಬಸವ್ವ ಪೀಪಾಯಿಯ ಹೊಟ್ಟೆಗೆ ಅಂಗೈ ಇಟ್ಟು, ತೆಗೆದು, ಇನ್ನೊಂದು ಮಗ್ಗುಲಿಗೆ ಇಟ್ಟು, ಎರಡೂ ಕಡೆ ಬಿಸಿ ಸಮನಾಗಿದೆಯೇ ಎಂದು ನೋಡುತ್ತಿದ್ದಳು.

ದಶಮಿಯ ಬೆಳಿಗ್ಗೆ ರಾಮಲಿಂಗಪ್ಪ ಪೂಜೆ ಕದಲಿಸಿದ. ಶಿವಬಸವ್ವ ಬೂದಿ ಸರಿಸಿ, ಮಗುವನ್ನು ನೀರಿನಿಂದ ಎತ್ತುವ ಹಾಗೆ ಎರಡೂ ಕೈಯಿಂದ ಹೌಸಿಂಗನ್ನು ಎತ್ತಿದಳು. ಅಂಗೈಯ ಬಿಸಿಯಷ್ಟೇ ಉಳಿದಿತ್ತು. ಸೀಮೆಎಣ್ಣೆ ಸವರಿ, ಒರೆಸಿ, ಮೇಲೆ ಸುಣ್ಣದ ಪುಡಿ ತಿಕ್ಕಿದಳು. ಎಲ್ಲಿ ಬಿರುಕಿದೆಯೋ ಅಲ್ಲಿ ಒಳಗಿನ ಎಣ್ಣೆ ಮೇಲೆದ್ದು ಬಿಳಿಯ ಮೇಲೆ ಕಪ್ಪು ಗೆರೆ ಎಳೆಯುತ್ತದೆ. ಮೂವರೂ ಬಾಗಿ ನೋಡಿದರು. ರಾಮಲಿಂಗಪ್ಪನ ಬೆಸುಗೆ ತುದಿಯಿಂದ ತುದಿಗೆ ಬೆಳ್ಳಗೇ ಉಳಿಯಿತು. ತನಿಯಪ್ಪ ಉಸಿರು ಬಿಟ್ಟ. ಆಗ ಎಡಗಡೆಯ ಕೆಳಗೆ, ಬೋಲ್ಟು ತೂರಿಸುವ ಕಿವಿಯಲ್ಲಿ, ಉಗುರಿನುದ್ದದ ಒಂದು ಗೆರೆ ನಿಧಾನವಾಗಿ ಕಪ್ಪಾಯಿತು.

“ಇದು ನಿನ್ನ ಕೊಡದ ನೀರಿಂದು,” ಎಂದಳು ಶಿವಬಸವ್ವ.

ರಾಮಲಿಂಗಪ್ಪ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದ. ಎಣ್ಣೆ ನಿಲ್ಲುವ ಜಾಗಕ್ಕೆ ದೂರವಿದೆ, ಮತ್ತೆ ಬೆಸೆದರೆ ಮತ್ತೆ ಆರಿಸಬೇಕು, ಇವತ್ತಿಗೆ ಆಗದ ಮಾತು ಎಂದ. ಗೆರೆಯ ತುದಿಗೆ ಸೂಜಿಯಷ್ಟು ತೂತು ಕೊರೆದು, ಕಿವಿಯ ಸುತ್ತ ಕಬ್ಬಿಣದ ಪಟ್ಟಿ ಬಿಗಿದ. ಹೌಸಿಂಗಿನ ಮುಖ ಸಮ ಮಾಡಿ, ಮೇಸ್ತ್ರಿಯನ್ನು ಕರೆಸಿ ಕೂರಿಸುವ ಹೊತ್ತಿಗೆ ಬಿಸಿಲು ಹಳದಿಯಾಗಿತ್ತು. ಲಾರಿ ಮೊದಲ ಸಲಕ್ಕೆ ಕೆಮ್ಮಿತು, ಎರಡನೆಯದಕ್ಕೆ ಹಿಡಿಯಿತು. ಶಿವಬಸವ್ವ ಎಂಜಿನ್ನಿನ ಕೆಳಗೆ ಬಿಳಿ ಕಾಗದ ಹಾಸಿ ಕಾದಳು. ಎಣ್ಣೆಯ ಒಂದು ಹನಿಯೂ ಬೀಳಲಿಲ್ಲ.

ತನಿಯಪ್ಪ ಅವಳ ಕಾಲು ಮುಟ್ಟಲು ಬಾಗಿದ. ಅವಳು ಹಿಂದೆ ಸರಿದಳು. ಅಷ್ಟರಲ್ಲಿ ರಸ್ತೆಯಿಂದ ಯಾರೋ, ಪಂಪಿನ ತುಂಡೊಂದನ್ನು ಎದೆಗವಚಿಕೊಂಡು, ಮಾವಶಿ ಎಂದು ಕೂಗಿದರು. ಅವಳು ಕೈಯ ಬೂದಿಯನ್ನು ಸೊಂಟಕ್ಕೆ ಒರೆಸಿಕೊಂಡು ಆ ಕಡೆ ಹೊರಟಳು. ತಿರುಗಿ ನೋಡದೆಯೇ ಹೇಳುತ್ತ ನಡೆದಳು:

“ಸಾವಕಾಶ ಹೋಗು. ಆ ಎಡಗಡೆ ಬೋಲ್ಟಿಗೆ ಯಾವ ಮೇಸ್ತ್ರಿನೂ ಜೋರ್ ಹಾಕಬಾರದು, ನೀನ ನಿಂತು ನೋಡ್ಕೊ. ಗೇಟಿನ ಒಳಗ ಹೋದ ಕೂಡಲೇ ಮಾಲಕನ್ನ ಕರದು ಕಿವಿ ತೋರಸು, ನನ್ನ ಕೈಲೆ ಆಗೇದ ಅಂತ ಹೇಳು. ಗಾಡಿ ಓಡಿಕೋತ ಬಂದದ, ಅವ ಈಗ ಮಾತಿಗೆ ಹಿಂದ ಸರಿಯಾಂಗಿಲ್ಲ, ಆದ್ರ ಮುಚ್ಚಿಟ್ಟಿ ಅಂದ್ರ ಮುಂದ ಘಾಟಿನಾಗ ಎಂದರ ಒಂದಿನ ಆ ಕಿವಿ ಮುರದು ನೀನೂ ಆ ಗಾಡಿನೂ ಕೂಡೇ ಕಂದಕಕ್ಕ ಬೀಳ್ತೀರಿ.”