ಲೇಸರ್ ಮಾರಮ್ಮ

ಮುಖ ಮರಗಟ್ಟಿಸುವ ಮುಲಾಮಿಗೆ ಆಸ್ಪತ್ರೆಯದೂ ಅಲ್ಲದ, ಅಡುಗೆಮನೆಯದೂ ಅಲ್ಲದ ಒಂದು ವಾಸನೆಯಿದೆ. ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಹತ್ತಿರ, ಮಹಡಿಯ ಮೇಲಿನ ಚರ್ಮದ ಕ್ಲಿನಿಕ್ಕಿನಲ್ಲಿ ಆ ಮುಲಾಮನ್ನು ಕೆನ್ನೆಗೆ ದೋಸೆಹಿಟ್ಟಿನಂತೆ ಮೆತ್ತಿಸಿಕೊಂಡು ಕೂತಿದ್ದೇನೆ. ಲೇಸರ್ ಹೊಡೆಯುವ ಮುಂಚೆ ಚರ್ಮ ಮರಗಟ್ಟಬೇಕಲ್ಲ, ಅಲ್ಲಿಯವರೆಗೆ ಬೇರೆ ಕೆಲಸವಿಲ್ಲ. ನೀವೂ ಕೂತುಕೊಳ್ಳಿ, ಈ ವಾಸನೆ ಮೊದಲ ಸಲ ಮೂಗಿಗೆ ಬಡಿದ ಕಥೆ ಹೇಳುತ್ತೇನೆ.

ಹರೆಯದ ಮೊಡವೆಗಳು ನನ್ನ ಕೆನ್ನೆ ತುಂಬ ಕುಳಿ ತೋಡಿ ಹೋಗಿದ್ದವು. ಅವು ನನಗಿಂತ ನಮ್ಮ ಮಧುವನಹಳ್ಳಿಯ ಜನರನ್ನೇ ಹೆಚ್ಚು ಕಾಡುತ್ತಿದ್ದವು. ಕಡಲೆಹಿಟ್ಟು, ಲೋಳೆಸರ, ಟೂತ್‌ಪೇಸ್ಟು ಎಂದು ಹಾದಿಯಲ್ಲಿ ಸಿಕ್ಕವರೆಲ್ಲ ವೈದ್ಯರೇ. ಯಳಂದೂರಿನಿಂದ ಗಂಡಿನ ಕಡೆಯವರು ನೋಡಲು ಬರುತ್ತಾರೆಂದು ಗೊತ್ತಾದದ್ದೇ ನನ್ನ ಸೋದರತ್ತೆ ನನ್ನನ್ನು ಇಲ್ಲಿಗೆ ಎಳೆದು ತಂದಳು. ಡಾಕ್ಟರು ನಿಧಾನವಾಗಿ ಹೇಳಿದರು: ಹಲವು ಸಲ ಮಾಡಬೇಕು, ನಡುವೆ ತಿಂಗಳ ಅಂತರ ಬೇಕು, ಕುಳಿ ಕಮ್ಮಿಯಾಗುತ್ತದೆ, ಪೂರ್ತಿ ಹೋಗುವುದಿಲ್ಲ, ಒಂದು ವಾರ ಮುಖ ಕೆಂಪಗಿರುತ್ತದೆ. ಅತ್ತೆ ತನಗೆ ಬೇಕಾದಷ್ಟನ್ನು ಮಾತ್ರ ಕಿವಿಗೆ ಹಾಕಿಕೊಂಡಳು.

“ಮೊದ್ಲು ಒಡೀರಿ ಸಾ. ಭಾನ್ವಾರ ಅವ್ರು ಬತ್ತಾವ್ರೆ. ಉಳಿದದ್ದ ಪೌಡ್ರು ನೋಡ್ಕತದೆ.”

ಭಾನುವಾರ ನನ್ನ ಮುಖ ಊದಿ, ಕೆಂಪಗಾಗಿ, ಸಣ್ಣ ಸಣ್ಣ ಹಕ್ಕಳೆ ಕಟ್ಟಿಕೊಂಡಿತ್ತು. ಬೆಳಿಗ್ಗೆ ಇಣುಕಿದ ಎದುರು ಮನೆಯ ಸಿದ್ದಮ್ಮಜ್ಜಿ, “ಅಯ್ಯೋ, ಅಮ್ಮ ಬಂದವ್ಳೆ!” ಎಂದು ಕೆನ್ನೆ ಬಡಿದುಕೊಂಡು, ಯಾರನ್ನೂ ಕೇಳದೆ ನಮ್ಮ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿ ಹೋದಳು. ಮಾರಮ್ಮ ಸಿಡುಬಾಗಿ ಮೈಮೇಲೆ ಎದ್ದಿರುವ ಮನೆಗೆ ಹೊರಗಿನವರು ಕಾಲಿಡುವುದಿಲ್ಲವೆಂದು ನಿಮಗೆ ಗೊತ್ತೇ ಇದೆ. ಅತ್ತೆ ಒಳಗೆ ಕೇಸರಿಬಾತು ತಿರುವುತ್ತಿದ್ದಳು. ಅಷ್ಟರಲ್ಲಿ ಬಂದ ಗಂಡಿನ ತಾಯಿ ಸೊಪ್ಪು ನೋಡಿದವಳೇ ಬೀದಿಯಲ್ಲೇ ಚಪ್ಪಲಿ ಬಿಟ್ಟು, ಬಾಗಿಲಲ್ಲಿ ನಿಂತ ನನಗೆ ಕೈಮುಗಿದಳು.

“ತಪ್ಪಾಯ್ತು ಕಣ್ ತಾಯಿ, ಗೊತ್ತಿಲ್ದೆ ಬಂದ್ವಿ. ತಣ್ಣಗಿರವ್ವ.”

ಮುಖದ ಕುಳಿ ಎಣಿಸಲು ಬಂದವರು ಹೀಗೆ ತಲೆ ಬಗ್ಗಿಸಿ, ಬೆನ್ನು ತೋರಿಸದೆ ಹಿಂದಕ್ಕೆ ಹೆಜ್ಜೆಯಿಡುವುದನ್ನು ನೋಡುವ ಭಾಗ್ಯ ಎಷ್ಟು ಹೆಣ್ಣುಗಳಿಗಿದೆ ಹೇಳಿ. ನಾನು ಆಶೀರ್ವಾದಕ್ಕೆ ಕೈ ಎತ್ತುವುದೊಂದು ಬಾಕಿ.

ಹಕ್ಕಳೆ ಉದುರಿದ ಮೇಲೆ, ಅಮ್ಮ ಒಲಿದ ಹೆಣ್ಣೆಂದು ಅವರು ಮತ್ತೆ ಬಂದರು. ಬಾಯಿ ಬಿಡಬೇಡ ಎಂದು ಅತ್ತೆ ಆಣೆ ಹಾಕಿಸಿಕೊಂಡಿದ್ದಳು. ಈ ಸಂಬಂಧ ಮನೆಯವರಿಗೆಲ್ಲ ಬೇಕಾಗಿತ್ತು. ಹುಡುಗ ನನಗೂ ಹಿಡಿಸಿದ್ದ. ಗಂಡಿನ ತಾಯಿ ನನ್ನ ಕೆನ್ನೆ ಸವರಿ, “ಮೊಡವೆ ಕುಳಿಯಾಗಿದ್ರೆ ನಾವ್ ಒಪ್ತಾನೆ ಇರ್ನಿಲ್ಲ ಕಣವ್ವ. ಇದು ತಾಯಿ ಗುರ್ತು, ಕಣ್ಗೊತ್ಕಬೇಕು” ಎಂದಳು.

ಅದೇ ಕುಳಿ, ಅದೇ ಕೆನ್ನೆ. ನನಗೆ ಮೈಯೆಲ್ಲ ಉರಿಯಿತು. ಈ ಸುಳ್ಳನ್ನು ಮುಖಕ್ಕೆ ಬಳಿದುಕೊಂಡು ಜೀವನವಿಡೀ ಬಾಳುವುದು ಹೇಗೆ?

“ಮೊಡವೇದೇ ಕಣಮ್ಮ,” ಎಂದೆ. “ಕೊಳ್ಳೇಗಾಲ್ದಲ್ಲಿ ಲೇಸರ್ ಒಡಿಸ್ಕಂಡು ಬಂದಿದ್ದೆ.”

ಕೈ ಹಿಂದಕ್ಕೆ ಹೋಯಿತು. ಹುಡುಗ ನೆಲ ನೋಡುತ್ತಿದ್ದ. ಕಾಫಿ ಕುಡಿಯದೆ ಎದ್ದು ಹೋದರು. ಅವತ್ತು ಅತ್ತುಬಿಟ್ಟೆ. ಹುಡುಗನಿಗಾಗಿ ಸ್ವಲ್ಪ, ಅವನ ತಾಯಿಯ ಕೈ ಕೆನ್ನೆಯ ಮೇಲೆ ಹಿತವಾಗಿತ್ತಲ್ಲ, ಅದಕ್ಕೇ ಹೆಚ್ಚು.

ಆಮೇಲೆ ಲೇಸರಿಗೆ ನಾನೊಬ್ಬಳೇ ಬರುತ್ತಿದ್ದೇನೆ. ಕುಳಿಗಳು ಡಾಕ್ಟರು ಹೇಳಿದಷ್ಟೇ ಕಮ್ಮಿಯಾಗಿವೆ. ಕನ್ನಡಿಯ ಜೊತೆ ಮೊದಲಿನ ಜಗಳವಿಲ್ಲ. ಇಗೋ, ಅತ್ತೆಯ ಫೋನು. ಹನೂರಿನ ಕಡೆಯಿಂದ ಹೊಸ ಸಂಬಂಧವಂತೆ.

“ಹುಡ್ಗ ಲಕ್ಷಣವಾಗವ್ನೆ ಕಣವ್ವ, ಮುಖದ್ ತುಂಬ ಗಡ್ಡ ಬುಟ್ಟವ್ನೆ. ಈ ಸಲ ಬಾಯ್ಮುಚ್ಕಂಡಿರು. ಅಮ್ಮ ಆಗಿತ್ತು ಅಂತ ಏಳ್ಬುಟ್ಟಿವ್ನಿ.”

ಮುಲಾಮನ್ನು ನಾಲಿಗೆಗೆ ಹಚ್ಚಿಲ್ಲ, ಪುಣ್ಯ.

“ಮೊಡವೆ ಅಂತ್ಲೇ ಏಳು, ಅತ್ತೆ. ಅವ್ನಿಗೂ ಗಡ್ಡ ಬೋಳಿಸ್ಕಂಡು ಬರಾಕೇಳು. ಅದ್ರಡೀಲಿ ಏನದೆ ಅಂತ ನಾನೂ ನೋಡ್ಬೇಕು.”