ಸೇತುವೆಯ ಕೆಳಗಿನ ದೋಣಿ

ಸೇತುವೆ ಬರುವ ಮೊದಲು ಊರಿನವರನ್ನು ಹೊಳೆ ದಾಟಿಸುತ್ತಿದ್ದವನು ದೋಣಿಯಣ್ಣ. ಹೊಸ ಮದುಮಕ್ಕಳು, ಕುರಿಮಂದೆ, ಹೆರಿಗೆ ನೋವು ತಿನ್ನುತ್ತಿದ್ದ ಹೆಂಗಸರು, ಎಲ್ಲರೂ ಅವನ ದೋಣಿಯಲ್ಲೇ ಆಚೆ ದಡ ಕಂಡವರು. ಮಂಜು ಕವಿದು ಏನೂ ಕಾಣದ ಬೆಳಗುಗಳಲ್ಲಿ ನೀರಿನ ಸದ್ದನ್ನೇ ಆಲಿಸುತ್ತ ಅವನು ಹುಟ್ಟು ಹಾಕುತ್ತಿದ್ದ.

ಅವನ ಜೀವದ ಗೆಳೆಯ ಗಾರೆ ಕೆಲಸದ ಮೇಸ್ತ್ರಿ. ಒಂದು ಬೇಸಿಗೆಯಲ್ಲಿ ಮೇಸ್ತ್ರಿ ದಿನವೂ ದೋಣಿ ಹತ್ತತೊಡಗಿದ. "ತಳದಲ್ಲಿ ಬಂಡೆ ಎಲ್ಲೆಲ್ಲಿದೆಯೋ?" ಎಂದು ಕೇಳುತ್ತಿದ್ದ. ಗೆಳೆಯನಿಗೂ ಹೊಳೆಯ ಹುಚ್ಚು ಹಿಡಿಯಿತೆಂದು ದೋಣಿಯಣ್ಣ ಹಿಗ್ಗಿದ. ಉದ್ದನೆಯ ಗಳ ಇಳಿಸಿ, ಇಲ್ಲಿ ಬಂಡೆ, ಇಲ್ಲಿ ಬರೀ ಕೆಸರು ಎಂದು ಒಂದೊಂದನ್ನೂ ತೋರಿಸಿದ. ಮಳೆಗಾಲ ಕಳೆದ ಮೇಲೆ ಆ ಬಂಡೆಗಳ ಮೇಲೆಯೇ ಮೇಸ್ತ್ರಿಯ ಕೈಯಲ್ಲಿ ಸೇತುವೆಯ ಕಂಬಗಳು ಎದ್ದವು.

ಸೇತುವೆ ಬೇಡವೆಂದು ಅವನಿಗೂ ಅನ್ನಿಸಿರಲಿಲ್ಲ. ಆದರೆ ಕೈಯಾರೆ ತನ್ನ ಹೊಟ್ಟೆಯ ಮೇಲೆ ತಾನೇ ಹೊಡೆದುಕೊಂಡಂತಾಯಿತಲ್ಲ, ಎದುರಿಗೇ ಕೂತಿದ್ದ ಗೆಳೆಯ ಬಾಯಿ ಬಿಡಲಿಲ್ಲವಲ್ಲ, ಅದು ಮುಳ್ಳಿನಂತೆ ಒಳಗೆ ಮುರಿದುಕೊಂಡಿತು. ಅವನೊಡನೆ ಮಾತು ಬಿಟ್ಟ. ಸೇತುವೆಯ ಮೇಲೆ ಕಾಲಿಡಲೇ ಇಲ್ಲ. ತಲೆ ನರೆತರೂ ಅಂಗಡಿಗೂ ಆಸ್ಪತ್ರೆಗೂ ದೋಣಿಯಲ್ಲೇ ಹೋಗುತ್ತಿದ್ದ.

ಸೊಸೆ ಇಂಗ್ಲಿಷ್ ಪರೀಕ್ಷೆಗೆ ಕಟ್ಟಿದ್ದಳು. ಒಂದು ಸಂಜೆ ಅವಳು ಬಾಗಿಲ ಬಳಿ ಕೂತು ಗಟ್ಟಿಯಾಗಿ ಓದುತ್ತಿದ್ದಾಗ, ದೋಣಿಯ ಬಿರುಕಿಗೆ ಡಾಂಬರು ಮೆತ್ತುತ್ತಿದ್ದ ಮಾವ ಕಿವಿಗೊಟ್ಟ.

"ಏನಮ್ಮಾ ಅದು, ಬ್ರಿಜ್ ಬ್ರಿಜ್ ಅಂತಿದ್ದೀಯ?"

"ವಾಟರ್ ಅಂಡರ್ ದ ಬ್ರಿಜ್ ಅಂತ ಮಾವಾ. ಸೇತುವೆ ಕೆಳಗಿನ ನೀರು. ಅಂದ್ರೆ, ಆಗಿದ್ದು ಆಗೋಯ್ತು, ಇನ್ನು ಅದನ್ನ ಕೆದಕೋದು ಬೇಡ ಅಂತ."

"ಇನ್ನೊಂದು ಹೇಳು."

"ಬರಿ ದ ಹ್ಯಾಚೆಟ್. ಕೊಡಲಿ ಹೂತುಬಿಡು ಅಂತಾರೆ. ಜಗಳ ಮುಗಿಸಿ ರಾಜಿಯಾಗು ಅಂತ ಅದರರ್ಥ."

"ಹೂತವನಿಗೆ ಜಾಗ ಗೊತ್ತಿರತ್ತಲ್ಲಮ್ಮಾ!"

ಸೊಸೆ ನಕ್ಕಳು. "ನಾವೇನು ಕಮ್ಮಿಯಾ? ಹೊಟ್ಟೆಗೆ ಹಾಕ್ಕೊಳ್ಳಿ ಅಂತೀವಿ."

"ಹಾಕ್ಕೊಂಡು ಎಷ್ಟೋ ವರ್ಷ ಆಯ್ತು. ಅರಗ್ತಾನೇ ಇಲ್ಲ," ಎಂದ ಮುದುಕ. ನಗಲಿಲ್ಲ.

ಮರುದಿನ ಬೆಳಗ್ಗೆ ಹೊಳೆ ಹಾಲಿನಂಥ ಮಂಜಿನಲ್ಲಿ ಮುಳುಗಿತ್ತು. ಸೇತುವೆಯ ನೆರಳೂ ಸೋಕದಷ್ಟು ದೂರದಲ್ಲಿ ದಾಟುತ್ತಿದ್ದವನು ಅಂದು ಅದರ ಕೆಳಕ್ಕೇ ದೋಣಿ ಬಿಟ್ಟ. ಕಂಬಗಳ ನಡುವೆ ನೀರು ಹಾಯುವ ಸದ್ದು ಯಾರೋ ನಿದ್ದೆಯಲ್ಲಿ ಮಾತಾಡಿದಂತಿತ್ತು. ಒಂದು ಕಂಬವನ್ನು ಅಂಗೈಯಿಂದ ಮುಟ್ಟಿದ. ಪಾಚಿಯಡಿಯ ಕಲ್ಲು ತಣ್ಣಗೆ, ಗಟ್ಟಿಯಾಗಿ ಕೂತಿತ್ತು.

"ಯಾರದು ಕೆಳಗೆ?" ಮೇಲಿನಿಂದ ದನಿ. ದಿನಾ ಬೆಳಗ್ಗೆ ಅಡ್ಡಾಡಲು ಬರುವ ಮೇಸ್ತ್ರಿ ಕಂಬಿ ಹಿಡಿದು ಬಗ್ಗಿದ್ದ.

"ನಾನು ಕಣೋ. ಅವತ್ತು ಯಾಕೆ ಹೇಳ್ಲಿಲ್ಲ?"

ಮೇಸ್ತ್ರಿ ಕಂಬಿಯ ಮೇಲಿಂದ ಇನ್ನಷ್ಟು ಬಗ್ಗಿದ. ಆಮೇಲೆ, "ಹೇಳಿದ್ರೆ ಬಂಡೆ ತೋರಿಸ್ತಿದ್ಯಾ?"

"ತೋರಿಸ್ತಿದ್ದೆ. ಬಾಯಿಗೆ ಬಂದಹಾಗೆ ಬೈದು ತೋರಿಸ್ತಿದ್ದೆ."

"ನಂಗೆ ಧೈರ್ಯ ಬರ್ಲಿಲ್ಲ ಕಣೋ. ತಪ್ಪಾಯ್ತು."

"ಅಲ್ಲಿಂದ ಕೂಗ್ಬೇಡ. ಇಳಿದು ಬಾ."

ಮೇಸ್ತ್ರಿ ಮೊಣಕಾಲು ಹಿಡಿದುಕೊಂಡು ಮೆಟ್ಟಿಲಿಳಿದ. ದೋಣಿಯಣ್ಣ ಕೈ ಕೊಟ್ಟು ಹತ್ತಿಸಿಕೊಂಡ, ಹುಟ್ಟನ್ನು ಮೇಲೆತ್ತಿಟ್ಟ. ಹೊಳೆ ಕರೆದೊಯ್ದ ಕಡೆ ದೋಣಿ ಸಾಗಿತು.

ಆಮೇಲೂ ಹಳೆಯ ಸಲಿಗೆ ಪೂರ್ತಿ ಮರಳಲಿಲ್ಲ. ಒಮ್ಮೊಮ್ಮೆ ಸಣ್ಣ ಮಾತಿಗೂ ದೋಣಿಯಣ್ಣನ ಹುಬ್ಬು ಗಂಟಿಕ್ಕುತ್ತಿತ್ತು. ಆಗ ಮೇಸ್ತ್ರಿ ಸುಮ್ಮನೆ ಕಾಯುತ್ತಿದ್ದ. ಆದರೆ ಆ ಬೆಳಗ್ಗೆ ಸೊಸೆ ಹುಡುಕಿಕೊಂಡು ದಡಗುಂಟ ಬಂದಾಗ ಬಿಸಿಲೇರಿತ್ತು. ಕೆಳಗಿನ ತಿರುವಿನ ಜೊಂಡಿಗೆ ಸಿಕ್ಕಿ ನಿಂತ ದೋಣಿಯಲ್ಲಿ ಇಬ್ಬರು ಮುದುಕರೂ ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದರು.